ಅಳತೆಗೆ ಮಾಡಿಸಿದ ಸಾಫ್ಟ್ ಲೆನ್ಸ್: ತೊಳೆಯುವುದು, ನೆನೆಸುವುದು, ಕಾಪಾಡುವುದು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಣ್ಣಿನ ಅಳತೆ ತೆಗೆಸಿ ಮಾಡಿಸಿಕೊಂಡ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್‌ಗಳ ಬಗ್ಗೆ. ಕೆರಟೋಕೋನಸ್ (ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿ ಶಂಕುವಿನಂತೆ ಉಬ್ಬುವ ತೊಂದರೆ) ಇರುವವರ ದಪ್ಪ ಲೆನ್ಸ್, ಕಾರ್ನಿಯಾದ ಕಲೆ ಮರೆಮಾಡುವ ಬಣ್ಣದ ಲೆನ್ಸ್, ಪೊರೆ ತೆಗೆಸಿದ ಮಗುವಿಗೆ ಹಾಕುವ ಲೆನ್ಸ್ ಎಲ್ಲವೂ ಈ ಗುಂಪಿನವೇ. ದಿನ ಬಳಸಿ ಎಸೆಯುವ ಲೆನ್ಸ್‌ಗೆ ಆರೈಕೆಯ ಮಾತೇ ಇಲ್ಲ. ಇವು ಹಾಗಲ್ಲ, ಮೂರು ತಿಂಗಳು, ಆರು ತಿಂಗಳು, ಕೆಲವು ಒಂದು ವರ್ಷದವರೆಗೂ ಬಳಕೆಯಲ್ಲಿರುತ್ತವೆ. ಅಷ್ಟೂ ದಿನ ಕಣ್ಣೀರಿನಿಂದ, ಬೆರಳಿನಿಂದ, ಡಬ್ಬಿಯಿಂದ ಬಂದದ್ದೆಲ್ಲ ಲೆನ್ಸ್ ಮೇಲೆ ಕೂರುತ್ತಾ ಹೋಗುತ್ತದೆ. ಹಾಗಾಗಿ ಒಂದು ವಿಷಯ ಮೊದಲೇ ಸ್ಪಷ್ಟವಾಗಿರಲಿ. ಕೊಳೆ ಹೋಗುವುದು ಉಜ್ಜುವುದರಿಂದ, ರೋಗಾಣು ಸಾಯುವುದು ದ್ರಾವಣದಲ್ಲಿ ಸಾಕಷ್ಟು ಹೊತ್ತು ನೆನೆಯುವುದರಿಂದ. ಒಂದನ್ನು ಮಾಡಿದ್ದೇವೆಂದು ಇನ್ನೊಂದನ್ನು ಬಿಡುವಂತಿಲ್ಲ.

ಪ್ರಶ್ನೆ: ಕೆರಟೋಕೋನಸ್‌ಗೆಂದು ದಪ್ಪನೆಯ ಸಾಫ್ಟ್ ಲೆನ್ಸ್ ಕೊಟ್ಟಿದ್ದಾರೆ. ಸಲ್ಯೂಷನ್ ಬಾಟಲಿಯ ಮೇಲೆ ‘ಉಜ್ಜುವ ಅಗತ್ಯವಿಲ್ಲ’ ಎಂದಿದೆ. ಡಾಕ್ಟರು ಮಾತ್ರ ಉಜ್ಜಲೇಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಡಾಕ್ಟರ ಮಾತು ಕೇಳಿ. ಬಾಟಲಿಯ ಮೇಲಿನ ಆ ಸಾಲು ಬೇಗ ಬದಲಿಸುವ ತೆಳು ಲೆನ್ಸ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಸಾಮಾನ್ಯ ಸಾಫ್ಟ್ ಲೆನ್ಸ್ ನಡುಭಾಗದಲ್ಲಿ 0.1 ಮಿಲಿಮೀಟರಿನ ಆಸುಪಾಸು ದಪ್ಪವಿರುತ್ತದೆ. ಕೆರಟೋಕೋನಸ್ ಲೆನ್ಸ್ ಅದರ ಮೂರು, ನಾಲ್ಕು ಪಟ್ಟು ದಪ್ಪ. ಅದಕ್ಕಿಂತ ಮುಖ್ಯವಾಗಿ, ಅದು ತಿಂಗಳುಗಟ್ಟಲೆ ಕಣ್ಣಲ್ಲಿರಬೇಕಾದದ್ದು. 2006ರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು, 2007ರಲ್ಲಿ ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕು ಲೆನ್ಸ್ ಧರಿಸುವವರಲ್ಲಿ ಹೆಚ್ಚಾಗಿ, ಎರಡು ಬೇರೆ ಬೇರೆ ಮಲ್ಟಿಪರ್ಪಸ್ ದ್ರಾವಣಗಳನ್ನು (ತೊಳೆಯಲು, ನೆನೆಸಲು ಎರಡಕ್ಕೂ ಒಂದೇ ಆಗಿ ಬಳಸುವಂಥವು) ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು. ಆಮೇಲೆ ತಜ್ಞರು ಉಜ್ಜುವ ಹಂತಕ್ಕೆ ಮತ್ತೆ ಒತ್ತು ಕೊಟ್ಟರು.

ಉಜ್ಜುವ ಕ್ರಮ ಹೀಗಿರಲಿ. ಕೈಯನ್ನು ಸೋಪಿನಿಂದ ತೊಳೆದು, ನೂಲಿನ ಎಳೆ ಬಿಡದ ಒಣ ಬಟ್ಟೆಯಲ್ಲಿ ಒರೆಸಿ. ಕೆನೆ ಸೇರಿಸಿದ, ಗಾಢ ಪರಿಮಳದ ಸೋಪು ಬೇಡ, ಅದರ ಜಿಡ್ಡು ನೇರ ಲೆನ್ಸ್‌ಗೆ ಹತ್ತುತ್ತದೆ. ಸ್ಯಾನಿಟೈಸರ್ ಸೋಪಿನ ಬದಲಿಗೆ ಸಲ್ಲದು; ಬೆರಳಲ್ಲಿ ಉಳಿದ ಆಲ್ಕೋಹಾಲ್ ಕಣ್ಣನ್ನು ಉರಿಸುತ್ತದೆ. ಪ್ರತಿ ಸಲ ಬಲಗಣ್ಣಿನ ಲೆನ್ಸ್‌ನಿಂದಲೇ ಶುರು ಮಾಡಿ. ನಿಮ್ಮ ಎರಡು ಲೆನ್ಸ್‌ಗಳ ವಕ್ರತೆ, ಪವರ್ ಬೇರೆ ಬೇರೆ. ಅದಲುಬದಲಾದರೆ ದೃಷ್ಟಿ ಮಂಜಾಗುವುದಷ್ಟೇ ಅಲ್ಲ, ಬಿಗಿಯಾಗಿ ಕೂತು ಕಣ್ಣೂ ಕೆಂಪಾಗಬಹುದು.

ಲೆನ್ಸನ್ನು ಅಂಗೈ ಕುಳಿಯಲ್ಲಿ ಬಟ್ಟಲಿನಂತೆ ಇಟ್ಟು ಮೂರರಿಂದ ಐದು ಹನಿ ದ್ರಾವಣ ಹಾಕಿ. ತೋರುಬೆರಳಿನ ಮೆತ್ತನೆಯ ತುದಿಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಿರಿ, ಸುತ್ತಲೂ ಹೀಗೇ ಮಾಡುತ್ತಾ ಬನ್ನಿ. ಗಿರಗಿರ ಸುತ್ತಿಸಿದರೆ ಅಂಚು ಮಡಚಿಕೊಂಡು ಹರಿಯುವ ಸಂಭವ ಹೆಚ್ಚು. ಒಂದು ಬದಿಗೆ 15ರಿಂದ 20 ಸೆಕೆಂಡ್. ಆಮೇಲೆ ಲೆನ್ಸನ್ನು ಬೋರಲು ಹಾಕಿ ಹೊರಬದಿಯನ್ನೂ ಅಷ್ಟೇ ಹೊತ್ತು ಉಜ್ಜಿ. ಒಳಬದಿ ಹೊರಕ್ಕೆ ಬರುವಂತೆ ತಿರುವಿಹಾಕುವ ಅಗತ್ಯವಿಲ್ಲ. ದಪ್ಪ ಲೆನ್ಸನ್ನು ಹಾಗೆ ಪದೇ ಪದೇ ತಿರುವಿದರೆ ಅಂಚಿನಲ್ಲಿ ಸೀಳು ಬರುತ್ತದೆ. ಉಗುರು ಎಲ್ಲೂ ತಾಕಬಾರದು. ಉಜ್ಜಿದ ಮೇಲೆ ಹೊಸ ದ್ರಾವಣವನ್ನು ಧಾರೆಯಾಗಿ ಬಿಟ್ಟು ಪ್ರತಿ ಬದಿಯನ್ನೂ ಐದರಿಂದ ಹತ್ತು ಸೆಕೆಂಡ್ ತೊಳೆಯಿರಿ. ಉಜ್ಜಿದಾಗ ಸಡಿಲವಾದ ಕೊಳೆ, ರೋಗಾಣುಗಳೆಲ್ಲ ಕೊಚ್ಚಿಹೋಗುವುದು ಈ ಧಾರೆಯಲ್ಲೇ. ಹೊಸ ದ್ರಾವಣ ತುಂಬಿದ ಡಬ್ಬಿಯಲ್ಲಿ ಇಳಿಬಿಟ್ಟು, ಬಾಟಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ, ಬಿಡಿ.

ನಿಮ್ಮ ಲೆನ್ಸ್‌ನ ಅಂಚಿನ ಬಳಿ ಸಣ್ಣ ಗೀರು ಅಥವಾ ಚುಕ್ಕಿ ಕಂಡರೆ ಅದನ್ನು ಕೊಳೆ ಎಂದುಕೊಂಡು ತಿಕ್ಕಬೇಡಿ. ಲೆನ್ಸ್ ಸರಿಯಾದ ಕೋನದಲ್ಲಿ ಕೂತಿದೆಯೇ ಎಂದು ಪರೀಕ್ಷಕರು ನೋಡಿಕೊಳ್ಳಲು ತಯಾರಿಸುವಾಗಲೇ ಕೊರೆದ ಗುರುತು ಅದು.

ದಪ್ಪ ಲೆನ್ಸ್ ಹೀರಿಕೊಳ್ಳುವ ದ್ರಾವಣವೂ ಹೆಚ್ಚು, ಅದರ ಜೊತೆ ಪ್ರಿಸರ್ವೇಟಿವ್ (ದ್ರಾವಣ ಕೆಡದಂತೆ ಸೇರಿಸುವ ರಾಸಾಯನಿಕ) ಕೂಡ ಒಳಗೆ ಸೇರುತ್ತದೆ. ಬೆಳಿಗ್ಗೆ ಹಾಕಿದ ಕೂಡಲೇ ಕಣ್ಣು ಚುರುಗುಟ್ಟುತ್ತಿದ್ದರೆ, ಹಾಕುವ ಮುನ್ನ ಪ್ರಿಸರ್ವೇಟಿವ್ ಇಲ್ಲದ ಸಲೈನ್‌ನಲ್ಲಿ (ಅಂಗಡಿಯಲ್ಲಿ ಸಿಗುವ ಶುದ್ಧ ಉಪ್ಪುನೀರು) ಚೆನ್ನಾಗಿ ಜಾಲಾಡಿಸಿ. ಆಗಲೂ ನಿಲ್ಲದಿದ್ದರೆ ಪೆರಾಕ್ಸೈಡ್ ಪದ್ಧತಿಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ.

ಪ್ರಶ್ನೆ: ಪೆರಾಕ್ಸೈಡ್ ಸಲ್ಯೂಷನ್‌ಗೆ ಬದಲಾಯಿಸಿದೆ. ಎರಡು ವಾರ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಲೆನ್ಸ್ ಹಾಕಿದ ತಕ್ಷಣ ಕಣ್ಣಿಗೆ ಬೆಂಕಿ ಇಟ್ಟಂತಾಯಿತು. ಏನು ತಪ್ಪಾಯಿತು?

ಪೆರಾಕ್ಸೈಡ್ ತಟಸ್ಥವಾಗದೆ ಉಳಿದಿತ್ತು. ಬಾಟಲಿಯಲ್ಲಿರುವುದು 3% ಹೈಡ್ರೋಜನ್ ಪೆರಾಕ್ಸೈಡ್. ರೋಗಾಣು ಕೊಲ್ಲುವುದರಲ್ಲಿ ಬಹಳ ಒಳ್ಳೆಯದು, ಆದರೆ ಅದೇ ರೂಪದಲ್ಲಿ ಕಣ್ಣಿಗೆ ಬಿದ್ದರೆ ಕಾರ್ನಿಯಾದ ಮೇಲ್ಪದರ ಸುಡುತ್ತದೆ. ಜೊತೆಗೆ ಕೊಡುವ ನಿಲುವು ಡಬ್ಬಿಯನ್ನು ಒಮ್ಮೆ ಗಮನಿಸಿ ನೋಡಿ. ಲೆನ್ಸ್ ಹಿಡಿಯುವ ಬುಟ್ಟಿಗಳ ಕೆಳಗೆ ಬೂದು ಬಣ್ಣದ ಒಂದು ಬಿಲ್ಲೆ ಇರುತ್ತದೆ. ಅದಕ್ಕೆ ಪ್ಲಾಟಿನಂ ಲೇಪ. ಪೆರಾಕ್ಸೈಡ್ ಅದನ್ನು ಮುಟ್ಟಿದಲ್ಲಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಮೇಲೇಳುವ ಗುಳ್ಳೆಗಳು ಆ ಆಮ್ಲಜನಕವೇ. ಮೊದಲ ಕೆಲವು ನಿಮಿಷದಲ್ಲಿ ಗುಳ್ಳೆ ಜೋರಾಗಿ ಬಂದು ಆಮೇಲೆ ನಿಧಾನವಾಗುತ್ತದೆ. ಗುಳ್ಳೆ ನಿಂತಿತೆಂದರೆ ಕೆಲಸ ಮುಗಿಯಿತು ಎಂದಲ್ಲ. ಕಣ್ಣು ಸಹಿಸುವ ಮಟ್ಟಕ್ಕೆ ಇಳಿಯಲು ಕನಿಷ್ಠ ಆರು ಗಂಟೆ ಬೇಕು. ದಪ್ಪ ಲೆನ್ಸ್‌ನ ಒಳಗೆ ಹೊಕ್ಕ ಪೆರಾಕ್ಸೈಡ್ ಹೊರಬರಲೂ ಹೊತ್ತು ಹಿಡಿಯುವುದರಿಂದ ಇಡೀ ರಾತ್ರಿ ಬಿಡುವುದೇ ಒಳ್ಳೆಯದು.

ತಪ್ಪು ಆಗುವುದು ಹೆಚ್ಚಾಗಿ ನಾಲ್ಕೈದು ಕಡೆ. ಬಿಲ್ಲೆ ಇಲ್ಲದ ಮಾಮೂಲಿ ಚಪ್ಪಟೆ ಡಬ್ಬಿಯಲ್ಲಿ ಪೆರಾಕ್ಸೈಡ್ ಹಾಕಿದರೆ ಅದು ಬೆಳಗಿನವರೆಗೂ ಪೆರಾಕ್ಸೈಡ್ ಆಗಿಯೇ ಇರುತ್ತದೆ. ನಡುರಾತ್ರಿ ‘ಕಡಿಮೆ ಇದೆಯಲ್ಲ’ ಎಂದು ಮೇಲೆ ಸ್ವಲ್ಪ ಸುರಿದರೆ ಆ ಕ್ಷಣದಿಂದ ಆರು ಗಂಟೆಯ ಲೆಕ್ಕ ಹೊಸದಾಗಿ ಶುರು. ಬಿಲ್ಲೆ ಹಳತಾದರೆ ಅದರ ಶಕ್ತಿ ಕುಂದುತ್ತದೆ; ಅದಕ್ಕೇ ಪ್ರತಿ ಹೊಸ ಬಾಟಲಿಯ ಜೊತೆ ಹೊಸ ಡಬ್ಬಿ ಇಟ್ಟಿರುತ್ತಾರೆ. ‘ಹಳೆಯದೇ ಚೆನ್ನಾಗಿದೆ’ ಎಂದು ಹೊಸದನ್ನು ಎತ್ತಿಡಬೇಡಿ. ಇನ್ನೊಂದು, ಸೋಪಿನಂಥ ಕ್ಲೀನರ್ ಹಾಕಿ ಉಜ್ಜಿ, ಸರಿಯಾಗಿ ತೊಳೆಯದೆ ಪೆರಾಕ್ಸೈಡ್‌ಗೆ ಇಳಿಸಿದರೆ ನೊರೆ ಉಕ್ಕಿ ಮುಚ್ಚಳದಾಚೆ ಹರಿಯುತ್ತದೆ, ಒಳಗಿನ ಪ್ರಮಾಣ ತಪ್ಪುತ್ತದೆ. ಇದನ್ನು ತಡೆಯಲು ಪೆರಾಕ್ಸೈಡ್‌ಗೆ ಇಡುವ ಮುನ್ನ ಸಲೈನ್‌ನಿಂದ ತೊಳೆಯಿರಿ. ಕೊನೆಯದು, ಪೆರಾಕ್ಸೈಡ್ ಬಾಟಲಿಯನ್ನೇ ಸಲೈನ್ ಎಂದುಕೊಂಡು ಬೆಳಿಗ್ಗೆ ಲೆನ್ಸ್ ಮೇಲೆ ಸುರಿಯುವುದು. ಈ ಬಾಟಲಿಯ ಮೂತಿ ಸಾಮಾನ್ಯವಾಗಿ ಕೆಂಪಗಿರುವುದು ಈ ಎಚ್ಚರಿಕೆಗಾಗಿಯೇ. ಎರಡೂ ಬಾಟಲಿ ಒಂದೇ ಕಡೆ ಇಡಬೇಡಿ.

ದ್ರಾವಣವನ್ನು ಡಬ್ಬಿಯ ಗೆರೆಯವರೆಗೆ ತುಂಬಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಡಬ್ಬಿ ನೆಟ್ಟಗೆ ನಿಂತಿರಲಿ, ಮಲಗಿಸಿದರೆ ಬಿಲ್ಲೆಗೆ ದ್ರಾವಣ ಸರಿಯಾಗಿ ತಾಗುವುದಿಲ್ಲ. ಮುಚ್ಚಳದ ಸಣ್ಣ ತೂತು ಅನಿಲ ಹೊರಹೋಗಲೆಂದೇ ಇರುವುದು, ಅದನ್ನು ಮುಚ್ಚಬೇಡಿ. ಬಿಲ್ಲೆಯ ಬದಲು ಮಾತ್ರೆ ಹಾಕುವ ಪದ್ಧತಿಯೂ ಇದೆ. ಅದರಲ್ಲಿ ಮಾತ್ರೆ ಮರೆತರೆ ಇದೇ ಗತಿ. ಕೆಲವು ಮಾತ್ರೆಗಳು ಕರಗಿದಾಗ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಂದಿಲ್ಲವೆಂದರೆ ಮಾತ್ರೆ ಬಿದ್ದಿಲ್ಲ.

ಇನ್ನೊಮ್ಮೆ ಹೀಗಾದರೆ ಕಣ್ಣುಜ್ಜುತ್ತಾ ಕೂರದೆ ಮೊದಲು ಲೆನ್ಸ್ ತೆಗೆಯಿರಿ. ಕಣ್ಣನ್ನು ಸಲೈನ್‌ನಿಂದ ಧಾರಾಳವಾಗಿ ತೊಳೆಯಿರಿ. ಲೆನ್ಸ್ ತೆಗೆದಾಗಿದೆ, ಸಲೈನ್ ಕೈಗೆ ಸಿಗುತ್ತಿಲ್ಲ ಎಂದಾದರೆ ಶುದ್ಧ ನೀರಾದರೂ ಸರಿ, ಆ ಹೊತ್ತಿಗೆ ತಡಮಾಡದಿರುವುದು ಮುಖ್ಯ. ನೋವು, ಮಂಜು, ಕೆಂಪು ಉಳಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಆ ಲೆನ್ಸನ್ನು ಹೊಸ ಬಿಲ್ಲೆಯ ಡಬ್ಬಿಯಲ್ಲಿ ಮತ್ತೆ ಪೂರ್ತಿ ಆರು ಗಂಟೆ ಇಡದೆ ಹಾಕಬೇಡಿ. ಗಾಯ ತೊಳೆಯಲು ಔಷಧದಂಗಡಿಯಲ್ಲಿ ಸಿಗುವ ಪೆರಾಕ್ಸೈಡೂ 3% ಇರಬಹುದು, ಆದರೂ ಅದು ಲೆನ್ಸ್‌ಗೆ ಬಳಸುವಂಥದ್ದಲ್ಲ.

ಪ್ರಶ್ನೆ: ನನ್ನ ಲೆನ್ಸ್ ಆರು ತಿಂಗಳಿಗೆ ಬದಲಿಸುವಂಥದ್ದು. ನಾಲ್ಕನೇ ತಿಂಗಳಿಗೇ ಮಸುಕಾಗಿದೆ, ಒಂದೆರಡು ಬಿಳಿ ಗಂಟೂ ಕಾಣುತ್ತಿದೆ. ದಿನಾ ತೊಳೆದರೂ ಹೋಗುತ್ತಿಲ್ಲ.

ಮಸುಕು ಒಂದು, ಗಂಟು ಇನ್ನೊಂದು. ಎರಡಕ್ಕೂ ಉಪಾಯ ಬೇರೆ.

ಲೆನ್ಸ್ ಪೂರ್ತಿ ಹರಡಿದ ಹಾಲಿನಂಥ ಮಸುಕು ಹೆಚ್ಚಾಗಿ ಕಣ್ಣೀರಿನ ಪ್ರೋಟೀನ್. ಕಣ್ಣೀರಿನಲ್ಲಿರುವ ಲೈಸೋಜೈಮ್‌ಗೆ ಧನ ವಿದ್ಯುದಂಶ. ನೀರಿನ ಅಂಶ ಹೆಚ್ಚಿರುವ, ಋಣ ವಿದ್ಯುದಂಶವುಳ್ಳ ಹೈಡ್ರೋಜೆಲ್ (ನೀರು ಹೀರುವ ಮೆತ್ತನೆಯ ಪ್ಲಾಸ್ಟಿಕ್) ಲೆನ್ಸ್ ಅದನ್ನು ಎಳೆದುಕೊಳ್ಳುತ್ತದೆ. ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ನಲ್ಲಿ ಪ್ರೋಟೀನ್ ಕಡಿಮೆ, ಜಿಡ್ಡು ಹೆಚ್ಚು. ಅಲ್ಲಿ ಜಿಡ್ಡಿನ ಬೆರಳಚ್ಚು ಮೂಡಿದಂತೆ ನುಣುಪಾದ ತೇಪೆಗಳು ಕಾಣುತ್ತವೆ. ನಿಮ್ಮ ಲೆನ್ಸ್ ಯಾವ ವಸ್ತುವಿನದೆಂದು ಕೇಳಿ ಬರೆದಿಟ್ಟುಕೊಳ್ಳಿ, ಯಾವ ಕ್ಲೀನರ್ ಬೇಕು ಎಂಬುದು ಅದರ ಮೇಲೆಯೇ ನಿಂತಿದೆ.

ಪ್ರೋಟೀನ್‌ಗೆ ಎಂಜೈಮ್ ಮಾತ್ರೆ ಇದೆ, ಸಾಮಾನ್ಯವಾಗಿ ವಾರಕ್ಕೊಮ್ಮೆ. ಕ್ರಮ ತಪ್ಪಬಾರದು: ಮೊದಲು ಉಜ್ಜಿ ತೊಳೆಯಬೇಕು, ನಂತರ ಚೀಟಿ ಹೇಳಿದ ದ್ರಾವಣದಲ್ಲಿ ಮಾತ್ರೆ ಕರಗಿಸಿ ಹೇಳಿದಷ್ಟೇ ಹೊತ್ತು ನೆನೆಸಬೇಕು, ಮತ್ತೆ ಉಜ್ಜಿ ತೊಳೆದು ಕೊನೆಗೆ ಸೋಂಕುನಿವಾರಕ ದ್ರಾವಣಕ್ಕೆ ಹಾಕಬೇಕು. ಎಂಜೈಮ್ ರೋಗಾಣುವನ್ನು ಕೊಲ್ಲುವುದಿಲ್ಲ. ಸರಿಯಾಗಿ ತೊಳೆಯದೆ ಉಳಿದ ಎಂಜೈಮ್ ಕಣ್ಣನ್ನು ಕೆರಳಿಸುತ್ತದೆ. ‘ಮಾತ್ರೆ ಹಾಕಿದ ಮರುದಿನವೇ ಕಣ್ಣು ಕೆಂಪು’ ಎಂಬ ದೂರಿಗೆ ಬಹುತೇಕ ಇದೇ ಕಾರಣ. ಜಿಡ್ಡಿಗಾದರೆ ಸೋಪಿನ ಗುಣವಿರುವ ಡೈಲಿ ಕ್ಲೀನರ್ ಎರಡು ಮೂರು ಹನಿ ಹಾಕಿ ಉಜ್ಜುವುದು ಹೆಚ್ಚು ಫಲ ಕೊಡುತ್ತದೆ. ಮಾತ್ರೆಗೆ ಜಿಡ್ಡು ಜಗ್ಗುವುದಿಲ್ಲ.

ಬಿಳಿ ಗಂಟಿನ ಮಾತು ಬೇರೆ. ಜಿಡ್ಡು, ಕ್ಯಾಲ್ಸಿಯಂ, ಪ್ರೋಟೀನ್ ಪದರ ಪದರವಾಗಿ ಕೂಡಿ ಲೆನ್ಸ್‌ನ ಮೈಯೊಳಗೇ ಬೇರು ಬಿಟ್ಟಿರುತ್ತವೆ. ಕಿತ್ತರೆ ಆ ಜಾಗದಲ್ಲಿ ಕುಳಿ ಬೀಳುತ್ತದೆ, ಆ ಕುಳಿಯಲ್ಲಿ ಮತ್ತೆ ಕೊಳೆ ತುಂಬುತ್ತದೆ. ಆ ಲೆನ್ಸ್‌ನ ಬಳಕೆ ಮುಗಿಯಿತು ಎಂದು ಒಪ್ಪಿಕೊಳ್ಳಿ. ಮುಂದಿನದನ್ನು ಮಾಡಿಸುವಾಗ ನಾಲ್ಕೇ ತಿಂಗಳಿಗೆ ಹೀಗಾಯಿತೆಂದು ಹೇಳಿ, ಹಳೆಯ ಲೆನ್ಸನ್ನೂ ತೋರಿಸಿ. ಬದಲಿಸುವ ಅವಧಿ ಅಥವಾ ವಸ್ತುವನ್ನೇ ಬದಲಿಸಬೇಕಾಗಬಹುದು. ರೆಪ್ಪೆಯಂಚಿನ ಗ್ರಂಥಿಗಳಲ್ಲಿ ತೊಂದರೆ ಇದ್ದರೂ ಕಣ್ಣೀರಿನಲ್ಲಿ ಜಿಡ್ಡಿನ ಸಮತೋಲ ತಪ್ಪುತ್ತದೆ, ಅದನ್ನೂ ಪರೀಕ್ಷಿಸಲಿ.

ಗಟ್ಟಿ ಲೆನ್ಸ್‌ಗಳಿಗೆಂದು ಮಾರುವ ಕ್ಲೋರಿನ್ ಆಧಾರಿತ ತೀವ್ರ ಕ್ಲೀನರ್‌ನಿಂದ ಪ್ರೋಟೀನ್ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಹಾಕಬೇಡಿ. ಸಾಫ್ಟ್ ಲೆನ್ಸ್ ಅದನ್ನು ಹೀರಿಕೊಂಡು ಕಣ್ಣಿಗೆ ಬಿಡುತ್ತದೆ.

ಪ್ರಶ್ನೆ: ಕಾರ್ನಿಯಾದ ಬಿಳಿ ಕಲೆ ಮರೆಯಾಗಲೆಂದು ಬಣ್ಣ ಬರೆದ ಲೆನ್ಸ್ ಹಾಕುತ್ತೇನೆ. ಕಂದು ಬಣ್ಣ ಒಂದು ಕಡೆ ತಿಳಿಯಾಗುತ್ತಿದೆ. ತೊಳೆಯುವುದರಲ್ಲಿ ತಪ್ಪಿದೆಯೇ?

ಇರಬಹುದು. ಇಂಥ ಲೆನ್ಸ್‌ಗಳಿಗೆ ಬಣ್ಣ ಸೇರಿಸುವ ರೀತಿ ಒಂದೇ ಅಲ್ಲ. ಕೆಲವದರಲ್ಲಿ ಬಣ್ಣ ವಸ್ತುವಿನೊಂದಿಗೆ ರಾಸಾಯನಿಕವಾಗಿ ಬೆಸೆದಿರುತ್ತದೆ, ಕೆಲವದರಲ್ಲಿ ಎರಡು ಪದರದ ನಡುವೆ ಇರುತ್ತದೆ, ಕೈಯಲ್ಲಿ ಬರೆದವುಗಳಲ್ಲಿ ಕೆಲವದರ ಬಣ್ಣ ಮೇಲ್ಮೈಗೆ ಹತ್ತಿರ. ಪೆರಾಕ್ಸೈಡ್, ಆಲ್ಕೋಹಾಲ್ ಇರುವ ಕ್ಲೀನರ್, ಕ್ಲೋರಿನ್ ಈ ಮೂರೂ ಕೆಲವು ಬಣ್ಣಗಳನ್ನು ತಿನ್ನುತ್ತವೆ. ಆದ್ದರಿಂದ ಬಣ್ಣದ ಲೆನ್ಸ್‌ಗೆ ತಯಾರಕರು ಬರೆದುಕೊಟ್ಟ ದ್ರಾವಣ ಯಾವುದೋ ಅದೊಂದೇ. ಬೇರೆಯವರ ಬಣ್ಣದ ಲೆನ್ಸ್‌ಗೆ ಪೆರಾಕ್ಸೈಡ್ ಏನೂ ಮಾಡಲಿಲ್ಲ ಎಂಬುದು ನಿಮ್ಮ ಲೆನ್ಸ್‌ಗೆ ಸಾಕ್ಷಿಯಲ್ಲ.

ಒಂದೇ ಕಡೆ ತಿಳಿಯಾಗಿದ್ದರೆ ಉಜ್ಜುವ ರೀತಿಯನ್ನೂ ನೋಡಿಕೊಳ್ಳಿ. ದಿನವೂ ಅದೇ ಜಾಗದಲ್ಲಿ ಬೆರಳು ಒತ್ತಿ ಎಳೆದರೆ, ಅದರಲ್ಲೂ ಒಣ ಬೆರಳಿನಲ್ಲಿ, ಬಣ್ಣ ಸವೆಯುತ್ತದೆ. ಹನಿ ಧಾರಾಳವಾಗಿರಲಿ, ಕೈ ಹಗುರವಾಗಿರಲಿ. ಮಸುಕಾದ ಜಾಗಕ್ಕೆ ಮನೆಯಲ್ಲಿ ಏನನ್ನೂ ಹಚ್ಚಲು ಹೋಗಬೇಡಿ. ಹೊಸದಕ್ಕೆ ಆರ್ಡರ್ ಕೊಡುವಾಗ ಹಳೆಯದನ್ನು ಜೊತೆಗೆ ಒಯ್ದರೆ ಬಣ್ಣ ಹೊಂದಿಸಲು ಅನುಕೂಲ.

ಪ್ರಶ್ನೆ: ಡಬ್ಬಿಯನ್ನು ದಿನಾ ನಲ್ಲಿ ನೀರಿನಲ್ಲಿ ತೊಳೆದು ಮುಚ್ಚಿಡುತ್ತೇನೆ. ಸರಿ ತಾನೆ? ಉಳಿದ ಸಲ್ಯೂಷನ್ ಮೇಲೆ ಹೊಸದು ಸ್ವಲ್ಪ ಹಾಕಿದರೆ ನಡೆಯುತ್ತದೆಯೇ?

ಎರಡೂ ನಡೆಯುವುದಿಲ್ಲ, ಮತ್ತು ಈ ಅಂಕಣದಲ್ಲಿ ನಾವು ಅತಿ ಖಂಡಿತವಾಗಿ ಹೇಳುವ ಮಾತು ಇದೇ.

ನಲ್ಲಿ, ಬಾವಿ, ಈಜುಕೊಳ, ಕುಡಿಯುವ ಬಾಟಲಿ, ಯಾವ ನೀರಾದರೂ ಅದರಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಕುಡಿದರೆ ಅದರಿಂದ ತೊಂದರೆಯಿಲ್ಲ. ಲೆನ್ಸ್ ಮೂಲಕ ಕಾರ್ನಿಯಾಕ್ಕೆ ಹೊಕ್ಕರೆ ತೀವ್ರ ನೋವಿನ, ತಿಂಗಳುಗಟ್ಟಲೆ ಚಿಕಿತ್ಸೆ ಬೇಡುವ, ಕೆಲವೊಮ್ಮೆ ದೃಷ್ಟಿಯನ್ನೇ ಕಳೆಯುವ ಹುಣ್ಣು ಮಾಡುತ್ತದೆ. ಪರಿಸ್ಥಿತಿ ಪ್ರತಿಕೂಲವಾದರೆ ಅದು ಗಟ್ಟಿ ಕವಚ ಕಟ್ಟಿಕೊಂಡು ಕೂರುತ್ತದೆ. ಆಗ ಅನೇಕ ದ್ರಾವಣಗಳು ಅದಕ್ಕೆ ನಾಟುವುದಿಲ್ಲ. 1980ರ ದಶಕದಲ್ಲಿ ಮನೆಯಲ್ಲೇ ಉಪ್ಪಿನ ಮಾತ್ರೆ ಕರಗಿಸಿ ಸಲೈನ್ ಮಾಡಿಕೊಳ್ಳುತ್ತಿದ್ದವರಲ್ಲಿ ಈ ಸೋಂಕು ಕಂಡುಬಂದಿತ್ತು. ಇನ್ನೂ ಒಂದು ತೊಂದರೆ ಇದೆ: ಸಾದಾ ನೀರಿನಲ್ಲಿ ಕಣ್ಣೀರಿನಷ್ಟು ಲವಣ ಇರುವುದಿಲ್ಲವಾದ್ದರಿಂದ, ನೀರು ತಾಗಿದ ಸಾಫ್ಟ್ ಲೆನ್ಸ್ ಕಾರ್ನಿಯಾಕ್ಕೆ ಅಂಟಿಕೊಳ್ಳಬಹುದು. ಸ್ನಾನಕ್ಕೆ, ಈಜಿಗೆ, ಮುಖ ತೊಳೆಯುವುದಕ್ಕೆ ಮೊದಲೇ ಲೆನ್ಸ್ ತೆಗೆದಿಡಿ ಎನ್ನುವುದು ಅದಕ್ಕಾಗಿಯೇ.

ಮೇಲಿಂದ ಮೇಲೆ ತುಂಬುವುದೂ ಅಷ್ಟೇ ಕೆಟ್ಟದ್ದು. ರಾತ್ರಿಯಿಡೀ ಕೆಲಸ ಮಾಡಿದ ದ್ರಾವಣದ ಶಕ್ತಿ ಕರಗಿರುತ್ತದೆ, ಅದರಲ್ಲಿ ಕೊಳೆಯೂ ಇರುತ್ತದೆ. ಹೊಸದು ಸೇರಿಸಿದರೆ ಹೊಸದೂ ದುರ್ಬಲವಾಗುತ್ತದೆ, ಅಷ್ಟೆ.

ಡಬ್ಬಿಯ ದಿನಚರಿ ಹೀಗಿರಲಿ: ಬೆಳಿಗ್ಗೆ ಲೆನ್ಸ್ ಹಾಕಿಕೊಂಡ ತಕ್ಷಣ ಹಳೆಯ ದ್ರಾವಣ ಪೂರ್ತಿ ಚೆಲ್ಲಿ. ಹೊಸ ದ್ರಾವಣ ಒಂದಿಷ್ಟು ಹಾಕಿ ಶುದ್ಧ ಬೆರಳಿನಿಂದ ಒಳಗೋಡೆ, ತಿರುಪಿನ ಸಂದು, ಮುಚ್ಚಳ ಎಲ್ಲವನ್ನೂ ಉಜ್ಜಿ. ನೀರಿನ ತೊಟ್ಟಿಯ ಗೋಡೆಗೆ ಹತ್ತುವ ಪಾಚಿಯಂತೆ ಡಬ್ಬಿಯ ಗೋಡೆಗೂ ರೋಗಾಣುಗಳ ಲೋಳೆ ಹತ್ತುತ್ತದೆ; ಬರೀ ತೊಳೆದರೆ ಹೋಗದು, ಬೆರಳಿನ ತಿಕ್ಕಾಟ ಬೇಕು. ಹೊಸ ಟಿಶ್ಯೂ ಕಾಗದದಿಂದ ಒರೆಸಿ, ಡಬ್ಬಿ ಮತ್ತು ಮುಚ್ಚಳಗಳನ್ನು ಬೋರಲು ಹಾಕಿ ಇನ್ನೊಂದು ಟಿಶ್ಯೂ ಮೇಲೆ ಆರಲು ಬಿಡಿ. ಮುಚ್ಚಿಡಬೇಡಿ, ಸ್ನಾನದ ಮನೆಯಲ್ಲಿ ಇಡಬೇಡಿ, ಅಲ್ಲಿನ ತೇವಕ್ಕೆ ಅದು ಆರುವುದೇ ಇಲ್ಲ. ತಿಂಗಳಿಗೊಂದು ಹೊಸ ಡಬ್ಬಿ ಒಳ್ಳೆಯದು, ಮೂರು ತಿಂಗಳಿಗಿಂತ ಹೆಚ್ಚು ಯಾವುದನ್ನೂ ಉಳಿಸಬೇಡಿ. ನಿಮ್ಮ ಲೆನ್ಸ್ ಸಾಮಾನ್ಯದ್ದಕ್ಕಿಂತ ಅಗಲವಾಗಿದ್ದರೆ ಆಳವಾದ, ಅಗಲ ಬಾಯಿಯ ಡಬ್ಬಿಯನ್ನೇ ಕೇಳಿ ಪಡೆಯಿರಿ. ಚಿಕ್ಕ ಡಬ್ಬಿಯಲ್ಲಿ ಅಂಚು ಮುಚ್ಚಳಕ್ಕೆ ಸಿಕ್ಕಿ ಕಚ್ಚಿಹೋಗುತ್ತದೆ.

ಪ್ರಶ್ನೆ: ಹುಟ್ಟಿನಿಂದ ಪೊರೆ ಇದ್ದು ಆಪರೇಷನ್ ಆದ ನನ್ನ ಎಂಟು ತಿಂಗಳ ಮಗಳಿಗೆ ಲೆನ್ಸ್ ಹಾಕಿದ್ದಾರೆ. ವಾರಕ್ಕೊಮ್ಮೆ ತೆಗೆದು ತೊಳೆಯಿರಿ ಎಂದಿದ್ದಾರೆ. ಏನೇನು ಗಮನಿಸಬೇಕು?

ಪುಟ್ಟ ಮಕ್ಕಳಿಗೆ ಕೊಡುವ ಲೆನ್ಸ್ ಹಲವು ಸಲ ಸಿಲಿಕೋನ್ ಇಲಾಸ್ಟೋಮರ್ ಎಂಬ ರಬ್ಬರಿನಂಥ ವಸ್ತುವಿನದು. ಆಮ್ಲಜನಕ ಚೆನ್ನಾಗಿ ಹಾಯುವುದರಿಂದ ರಾತ್ರಿಯೂ ಇರಿಸುವ ಅನುಮತಿ ಅದಕ್ಕಿದೆ. ಆದರೆ ಸಿಲಿಕೋನ್ ಸ್ವಭಾವತಃ ನೀರನ್ನು ಒಲ್ಲದ, ಜಿಡ್ಡನ್ನು ಬೇಗ ಹಿಡಿಯುವ ವಸ್ತು. ಮೇಲೆ ಕೊಟ್ಟ ನೀರುಸ್ನೇಹಿ ಲೇಪ ಸವೆದಾಗ ದ್ರಾವಣ ಲೆನ್ಸ್ ಮೇಲೆ ಸಮವಾಗಿ ಹರಡದೆ ಮಣಿಮಣಿಯಾಗಿ ನಿಲ್ಲುತ್ತದೆ. ತೊಳೆಯುವಾಗ ಹೀಗೆ ಕಂಡರೆ ಲೆನ್ಸ್ ಬದಲಿಸುವ ಹೊತ್ತು ಬಂದಿದೆ ಎಂದು ವೈದ್ಯರಿಗೆ ತಿಳಿಸಿ.

ಮನೆಯಲ್ಲಿ ಒಬ್ಬರು, ಆದಷ್ಟು ಯಾವಾಗಲೂ ಅವರೇ, ಈ ಕೆಲಸ ಮಾಡಲಿ. ಇನ್ನೊಬ್ಬರು ಮಗುವನ್ನು ಹಿಡಿದುಕೊಳ್ಳಲಿ. ತೆಗೆದ ಮೇಲೆ ಉಜ್ಜಿ, ತೊಳೆದು, ವೈದ್ಯರು ಬರೆದ ದ್ರಾವಣದಲ್ಲಿ ಪೂರ್ತಿ ಅವಧಿ ನೆನೆಸಿ. ‘ಅರ್ಧ ಗಂಟೆ ಸಾಕು, ಮಗು ಅಳುತ್ತಿದೆ’ ಎಂದು ತಿರುಗಿ ಹಾಕಬೇಡಿ. ಸಾಧ್ಯವಾದರೆ ಅವಳು ರಾತ್ರಿ ಮಲಗಿದಾಗ ನೆನೆಯಲು ಬಿಟ್ಟು ಬೆಳಿಗ್ಗೆ ಹಾಕಿ. ಒಂದು ರಾತ್ರಿ ಲೆನ್ಸ್ ಇಲ್ಲದಿದ್ದರೆ ಕಣ್ಣಿಗೆ ನಷ್ಟವಿಲ್ಲ, ಅದೊಂದು ವಿಶ್ರಾಂತಿ. ಹಗಲಲ್ಲಿ ಲೆನ್ಸ್ ಇಲ್ಲದೆ ದಿನಗಟ್ಟಲೆ ಕಳೆಯುವುದು ಮಾತ್ರ ಬೇಡ. ಈ ವಯಸ್ಸಿನಲ್ಲೇ ನೋಟ ಬೆಳೆಯುವುದು.

ದಿನಾ ಬೆಳಿಗ್ಗೆ ಮೊದಲು ಲೆನ್ಸ್ ಜಾಗದಲ್ಲಿದೆಯೇ ನೋಡಿ. ಮಕ್ಕಳು ಕಣ್ಣುಜ್ಜಿದಾಗ ಅದು ಹಾಸಿಗೆಯಲ್ಲೋ ರೆಪ್ಪೆಯಡಿಯಲ್ಲೋ ಇರಬಹುದು. ಹಾಸಿಗೆಯಲ್ಲಿ ಸಿಕ್ಕಿದ್ದನ್ನು ಉಜ್ಜಿ, ಸೋಂಕುನಿವಾರಣೆ ಮಾಡದೆ ಕಣ್ಣಿಗೆ ಹಾಕಬೇಡಿ. ಮಗುವಿಗೆ ನೋವೆಂದು ಹೇಳಲು ಬಾರದು. ಕಣ್ಣು ತೆರೆಯದಿರುವುದು, ಬೆಳಕಿನಿಂದ ಮುಖ ತಿರುಗಿಸುವುದು, ನೀರು, ಕೀವು, ಕೆಂಪು, ಕಪ್ಪು ಭಾಗದ ಮೇಲೆ ಬಿಳಿ ಚುಕ್ಕಿ ಇದರಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಲೆನ್ಸ್ ಡಬ್ಬಿಯಿಂದಾಚೆ ಬಿದ್ದು ರಾತ್ರಿಯಿಡೀ ಒಣಗಿ ಗರಿಗರಿಯಾಗಿದೆ. ದುಬಾರಿ ಲೆನ್ಸ್, ಎಸೆಯಲು ಮನಸ್ಸಿಲ್ಲ.

ಒಣಗಿದಾಗ ಮುಟ್ಟಿ ಬಗ್ಗಿಸಿದರೆ ಮುರಿಯುತ್ತದೆ. ಕೆಳಗೆ ಕಾಗದ ತೂರಿಸಿ ಎತ್ತಿ ಸಲೈನ್‌ಗೆ ಜಾರಿಸಿ, ಒಂದೆರಡು ಗಂಟೆಯಲ್ಲಿ ಮತ್ತೆ ಮೆತ್ತಗಾಗುತ್ತದೆ. ಆದರೆ ಮೆತ್ತಗಾದ ಮಾತ್ರಕ್ಕೆ ಹಾಕಲು ಯೋಗ್ಯವೆಂದಲ್ಲ. ಕಣ್ಣಿಗೆ ಕಾಣದ ಬಿರುಕು, ಬದಲಾದ ವಕ್ರತೆ ಇರಬಹುದು. ಮಾಮೂಲಿ ಲೆನ್ಸ್ ಆಗಿದ್ದರೆ ಎಸೆಯಿರಿ ಎನ್ನುತ್ತಿದ್ದೆವು. ನಿಮ್ಮದನ್ನು ಉಜ್ಜಿ, ಸೋಂಕುನಿವಾರಕದಲ್ಲಿ ಇಟ್ಟು, ಪರೀಕ್ಷಕರ ಬಳಿ ಒಯ್ದು ಸೂಕ್ಷ್ಮದರ್ಶಕದಡಿ ತೋರಿಸಿ. ಅವರು ಸರಿ ಎಂದರೆ ಮಾತ್ರ ಹಾಕಿ. ತನ್ನಷ್ಟಕ್ಕೆ ಮಡಚಿ ಅಂಟಿಕೊಂಡ ಲೆನ್ಸ್‌ಗೂ ಎಳೆದಾಟ ಬೇಡ. ಸಲೈನ್‌ನಲ್ಲಿ ನೆನೆಸಿ, ಅಂಗೈ ಮೇಲೆ ಹಗುರವಾಗಿ ಜಾರಿಸಿದರೆ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಕೆಳಗೆ ಸಾಫ್ಟ್ ಲೆನ್ಸ್, ಅದರ ಮೇಲೆ ಗಟ್ಟಿ ಲೆನ್ಸ್ ಹಾಕುತ್ತೇನೆ. ಎರಡಕ್ಕೂ ಒಂದೇ ಸಲ್ಯೂಷನ್ ಸಾಕೆ?

ಗಟ್ಟಿ ಲೆನ್ಸ್‌ನ ಕಂಡೀಷನಿಂಗ್ ದ್ರಾವಣ ಮಂದವಾದದ್ದು. ಅದರ ಪ್ರಿಸರ್ವೇಟಿವ್‌ಗಳು ಸಾಫ್ಟ್ ಲೆನ್ಸ್‌ನಲ್ಲಿ ಸಂಗ್ರಹವಾಗಿ ಗಂಟೆಗಟ್ಟಲೆ ಕಾರ್ನಿಯಾಕ್ಕೆ ಬಿಡುಗಡೆಯಾಗುತ್ತವೆ. ಹಾಗಾಗಿ ಸಾಫ್ಟ್ ಲೆನ್ಸ್‌ಗೆ ಅದು ವರ್ಜ್ಯ. ಗಟ್ಟಿ ಲೆನ್ಸನ್ನು ಅದರಲ್ಲಿ ಇಟ್ಟಿದ್ದರೂ ಮೇಲೆ ಹಾಕುವ ಮುನ್ನ ಸಲೈನ್‌ನಿಂದ ಚೆನ್ನಾಗಿ ತೊಳೆಯಿರಿ. ಪೆರಾಕ್ಸೈಡ್ ಪದ್ಧತಿಯಾದರೆ ಹಲವು ಸಲ ಎರಡಕ್ಕೂ ಹೊಂದುತ್ತದೆ, ಆದರೆ ಡಬ್ಬಿ ಬೇರೆ ಬೇರೆ ಇರಲಿ. ಕೆಳಗಿನದು ದಿನ ಬಳಸಿ ಎಸೆಯುವ ಲೆನ್ಸ್ ಆಗಬಹುದೇ ಎಂದು ವೈದ್ಯರನ್ನು ಕೇಳಿ. ಆಗುವುದಾದರೆ ಅರ್ಧ ಕೆಲಸವೇ ಇಲ್ಲ.

ಪ್ರಶ್ನೆ: ಕ್ಷಯರೋಗದ ಔಷಧಿ ಶುರುವಾದ ಮೇಲೆ ಲೆನ್ಸ್ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಯಾವ ಕ್ಲೀನರ್ ಬಳಸಲಿ?

ಯಾವುದೂ ಕೆಲಸ ಮಾಡದು. ಕ್ಷಯದ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಕಣ್ಣೀರು, ಬೆವರು, ಮೂತ್ರಕ್ಕೆಲ್ಲ ಕಿತ್ತಳೆ ಛಾಯೆ ಕೊಡುತ್ತದೆ. ಸಾಫ್ಟ್ ಲೆನ್ಸ್ ಅದನ್ನು ಹೀರಿದರೆ ಕಲೆ ಶಾಶ್ವತ. ಲೆನ್ಸ್‌ಗಾಗಿ ಔಷಧಿಯನ್ನು ಒಂದು ದಿನವೂ ಬಿಡಬೇಡಿ. ಚಿಕಿತ್ಸೆ ಮುಗಿಯುವವರೆಗೆ ಕನ್ನಡಕದಲ್ಲಿ ಕಳೆಯಬಹುದೇ ಅಥವಾ ಬೇರೆ ದಾರಿ ಇದೆಯೇ ಎಂದು ಕಣ್ಣಿನ ವೈದ್ಯರನ್ನು ಕೇಳಿ. ಇದೇ ಜಾತಿಯ ಇನ್ನೊಂದು ತೊಂದರೆ, ಪರೀಕ್ಷೆ ವೇಳೆ ಹಾಕುವ ಹಳದಿ ಫ್ಲೋರೆಸಿನ್. ಅದು ಹಾಕುವ ಮುನ್ನ ಲೆನ್ಸ್ ತೆಗೆದಿರಬೇಕು, ಹಾಕಿದ ಮೇಲೆ ಕಣ್ಣನ್ನು ಸಲೈನ್‌ನಿಂದ ತೊಳೆದು ಬಣ್ಣ ಪೂರ್ತಿ ಹೋಗುವವರೆಗೆ ಕಾಯಬೇಕು. ಬೇರೆ ಕಣ್ಣಿನ ಹನಿಗಳನ್ನು ಲೆನ್ಸ್ ಹಾಕುವುದಕ್ಕೆ ಕನಿಷ್ಠ 15 ನಿಮಿಷ ಮೊದಲೇ ಹಾಕಿಕೊಳ್ಳಿ. ಅನೇಕ ಹನಿಗಳಲ್ಲಿರುವ ಬೆಂಜಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವನ್ನು ಸಾಫ್ಟ್ ಲೆನ್ಸ್ ಹೀರಿಕೊಳ್ಳುತ್ತದೆ.

ಪ್ರಶ್ನೆ: ಒಂದು ಜೊತೆ ಹೆಚ್ಚುವರಿ ಲೆನ್ಸ್ ಇದೆ. ಎಷ್ಟು ದಿನ ಡಬ್ಬಿಯಲ್ಲಿ ಹಾಗೇ ಇಡಬಹುದು?

ಸೀಲ್ ಒಡೆಯದ ಸೀಸೆಯಲ್ಲಿದ್ದರೆ ಅದರ ಮೇಲಿನ ಅವಧಿ ಮುಗಿಯುವವರೆಗೆ. ಒಡೆದದ್ದಾದರೆ ಲೆಕ್ಕ ಬೇರೆ: ಹಲವು ಮಲ್ಟಿಪರ್ಪಸ್ ದ್ರಾವಣಗಳಲ್ಲಿ ಗರಿಷ್ಠ 30 ದಿನ, ಕೆಲವದರಲ್ಲಿ ಇನ್ನೂ ಕಡಿಮೆ, ಚೀಟಿ ಓದಿ. ತಟಸ್ಥವಾದ ಪೆರಾಕ್ಸೈಡ್‌ನಲ್ಲಿ ಕೊಲ್ಲುವ ಶಕ್ತಿ ಏನೂ ಉಳಿದಿರುವುದಿಲ್ಲ, ಅದು ಬರೀ ಉಪ್ಪುನೀರು. ಅದರಲ್ಲಿ ಇಟ್ಟದ್ದನ್ನು ವಾರಕ್ಕೊಮ್ಮೆ ಹೊಸದಾಗಿ ಸೋಂಕುನಿವಾರಣೆ ಮಾಡಿ, ಹಾಕುವ ಮುನ್ನವೂ ಮಾಡಿ. ಸಲೈನ್‌ನಲ್ಲಿ ಮಾತ್ರ ಇಡಬೇಡಿ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು ಒಳ್ಳೆಯ ರೂಢಿ. ತೆರೆದ ಮೇಲೆ ಎಷ್ಟು ದಿನ ಎಂದು ಬಾಟಲಿಯೇ ಹೇಳುತ್ತದೆ. ಪ್ರಯಾಣಕ್ಕೆಂದು ದ್ರಾವಣವನ್ನು ಬೇರೆ ಸಣ್ಣ ಶೀಶೆಗೆ ಬಗ್ಗಿಸಿಕೊಳ್ಳಬೇಡಿ, ಅಲ್ಲಿಗೆ ಅದರ ಶುದ್ಧತೆ ಮುಗಿಯಿತು.

ಪ್ರಶ್ನೆ: ಕಣ್ಣು ಕೆಂಪಾದರೆ ಎಷ್ಟು ಹೊತ್ತು ಕಾದು ನೋಡಬಹುದು?

ಮೊದಲು ಲೆನ್ಸ್ ತೆಗೆಯಿರಿ. ತೆಗೆದ ಮೇಲೆ ಬರೀ ಸ್ವಲ್ಪ ಕೆಂಪಿದ್ದು ಬೇಗ ಇಳಿಯುತ್ತಾ ಬಂದರೆ ಕನ್ನಡಕ ಹಾಕಿಕೊಂಡು ಗಮನಿಸಬಹುದು. ತೆಗೆದರೂ ನೋವು ಹೆಚ್ಚುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಂಜಾದರೆ, ಕೀವು ಬಂದರೆ ಕಾಯುವ ಪ್ರಶ್ನೆಯೇ ಇಲ್ಲ, ಅದೇ ದಿನ ಹೋಗಿ. ಕಾರ್ನಿಯಾದ ಬ್ಯಾಕ್ಟೀರಿಯಾ ಹುಣ್ಣು ಒಂದೆರಡು ದಿನದಲ್ಲೇ ಬಹಳ ಹಾನಿ ಮಾಡಬಲ್ಲದು. ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಹನಿಗಳನ್ನು ಹಾಕಬೇಡಿ. ಕೆಂಪು ಇಳಿದಂತೆ ಕಂಡು ಒಳಗೆ ಸೋಂಕು ಬೆಳೆಯುತ್ತದೆ. ಲೆನ್ಸನ್ನು ಎಸೆಯಬೇಡಿ, ಡಬ್ಬಿಯನ್ನು ತೊಳೆಯಬೇಡಿ. ಒಳಗಿನ ದ್ರಾವಣದ ಸಮೇತ ಮುಚ್ಚಿ, ಬಾಟಲಿಯನ್ನೂ ಜೊತೆಗೆ ಒಯ್ದು ವೈದ್ಯರಿಗೆ ಕೊಡಿ. ಯಾವ ರೋಗಾಣು ಎಂದು ಪ್ರಯೋಗಾಲಯಕ್ಕೆ ಹಲವು ಸಲ ಮೊದಲು ಸಿಗುವುದು ಅದರಲ್ಲೇ, ಯಾವ ಔಷಧಿ ಎಂಬುದೂ ಅದರಿಂದಲೇ ನಿರ್ಧಾರವಾಗುತ್ತದೆ.